ಪುಡಿ ಡಬ್ಬಿಗಳಿಗೆ ಧರ್ಮದ ಮೊಹರೇಕೆ?

ಬಳ್ಳಾರಿಯ ಕೌಲ್‌ಬಜಾರ್ ಇರಲಿ, ಸಿರುಗುಪ್ಪದ ಪೇಟೆ ಬೀದಿ ಇರಲಿ, ಕುರುಗೋಡಿನ ಮೊಹಲ್ಲಾ ಇರಲಿ, ನಮ್ಮ ಮನೆಗಳ ಅಡುಗೆ ಕಪಾಟಿನಲ್ಲಿ ಈಗ ಹೊಸತೊಂದು ಡಬ್ಬಿ ಸ್ಥಾನ ಪಡೆದಿದೆ. ಚಹಾಪುಡಿ, ಸಕ್ಕರೆ, ಖಾರದಪುಡಿಯ ಡಬ್ಬಿಗಳಿಗಿಂತ ಅದು ಹೆಚ್ಚು ಹೊಳೆಯುತ್ತದೆ. ಬೆಲೆಯೂ ಅವೆಲ್ಲವನ್ನು ಕೂಡಿಸಿದ್ದಕ್ಕಿಂತ ಹೆಚ್ಚು. ಮೇಲೆ ಹಸಿರು ಎಲೆಯ ಚಿತ್ರ, ಪಕ್ಕದಲ್ಲಿ 'ಹಲಾಲ್' ಎಂಬ ಮುದ್ರೆ. ಮಾರಿದವರ ಮಾತಿನ ಪ್ರಕಾರ ಅದು ಶುಗರನ್ನು ಬೇರುಸಹಿತ ಕೀಳುತ್ತದೆ, ಥೈರಾಯಿಡ್ ಮಾತ್ರೆಯನ್ನು ಬಿಡಿಸುತ್ತದೆ, ಮುಟ್ಟಿನ ಏರುಪೇರನ್ನು ಸರಿಪಡಿಸುತ್ತದೆ, ತೂಕ ಇಳಿಸುತ್ತದೆ, ಮಕ್ಕಳಿಲ್ಲದವರಿಗೆ ಮಕ್ಕಳನ್ನೂ ಕರುಣಿಸುತ್ತದೆ. ಇಷ್ಟೆಲ್ಲ ಕೆಲಸವನ್ನು ಒಂದು ಚಮಚ ಪುಡಿ ಮಾಡುವುದಾದರೆ ವೈದ್ಯಕೀಯ ಕಾಲೇಜುಗಳಿಗೆ ಎಂದೋ ಬೀಗ ಹಾಕಬಹುದಿತ್ತು.

ಈ ಡಬ್ಬಿಯನ್ನು ತಂದುಕೊಡುವವರು ಅಪರಿಚಿತರಲ್ಲ. ಪಕ್ಕದ ಮನೆಯ ಆಪಾ, ದೂರದ ಸಂಬಂಧದ ಖಾಲಾ, ಮಗನ ಸಹಪಾಠಿಯ ತಾಯಿ. ಇಲ್ಲವೆನ್ನಲು ಸಂಕೋಚ. ಅವರಾದರೂ ಮೋಸಗಾರರೇ? ಅಲ್ಲ. ಅವರಿಗೂ ಯಾರೋ ಒಬ್ಬರು ಡಬ್ಬಿ ಕೊಟ್ಟು, ಕೆಳಗೆ ಇಬ್ಬರನ್ನು ಸೇರಿಸಿದರೆ ಇಷ್ಟು, ನಾಲ್ವರನ್ನು ಸೇರಿಸಿದರೆ ಅಷ್ಟು ಎಂದು ಲೆಕ್ಕ ತೋರಿಸಿರುತ್ತಾರೆ. ಜನರನ್ನು ಸೇರಿಸುವುದಕ್ಕಾಗಿಯೇ ಹಣ ಕೊಡುವ ಇಂತಹ ಪಿರಮಿಡ್ ವ್ಯವಹಾರವನ್ನು ಕೇಂದ್ರ ಸರಕಾರವು 2021ರ ನೇರ ಮಾರಾಟ ನಿಯಮಗಳಲ್ಲಿ ನಿಷೇಧಿಸಿದೆ. ಆದರೆ ಮೊಹಲ್ಲಾದ ಹಜಾರದಲ್ಲಿ ನಡೆಯುವ ವ್ಯಾಪಾರದ ಬಾಗಿಲಿಗೆ ಯಾವ ಅಧಿಕಾರಿ ಬರುತ್ತಾನೆ? ಸಂಪಾದನೆಯ ಬೇರೆ ದಾರಿಯಿಲ್ಲದ, ಮನೆಯಿಂದ ಹೊರಗೆ ದುಡಿಯಲು ಅನುಮತಿಯಿಲ್ಲದ ಹೆಣ್ಣುಮಕ್ಕಳೇ ಈ ಸರಪಳಿಯ ಕೊನೆಯ ಕೊಂಡಿಗಳು ಎಂಬುದನ್ನು ಗಮನಿಸಬೇಕು.

ಡಬ್ಬಿಯನ್ನೊಮ್ಮೆ ತಿರುಗಿಸಿ ನೋಡೋಣ. 14 ಅಂಕಿಗಳ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಸಂಖ್ಯೆ ಕಾಣುತ್ತದೆ. 'ಸರಕಾರವೇ ಒಪ್ಪಿದೆ' ಎಂದು ಮಾರುವವರು ಬೊಟ್ಟು ಮಾಡುವುದು ಇದಕ್ಕೇ. ಆದರೆ ಅದು ಆಹಾರ ಪದಾರ್ಥ ತಯಾರಿಸಿ ಮಾರಲು ಕೊಟ್ಟ ಪರವಾನಗಿ. ಉಪ್ಪಿನಕಾಯಿ ಬಾಟಲಿಯ ಮೇಲೂ ಅಂಥದೇ ಸಂಖ್ಯೆ ಇರುತ್ತದೆ. ಅದರಿಂದ ರೋಗ ವಾಸಿಯಾಗುತ್ತದೆಂದು ಯಾರೂ ಪ್ರಮಾಣಿಸಿಲ್ಲ. ಪೂರಕ ಆಹಾರಗಳ ಮೇಲೆ 'ಔಷಧಿಯಾಗಿ ಬಳಸತಕ್ಕದ್ದಲ್ಲ' ಎಂಬ ಅರ್ಥದ ಎಚ್ಚರಿಕೆಯನ್ನು ಮುದ್ರಿಸಬೇಕೆಂದು ಅದೇ ಪ್ರಾಧಿಕಾರದ ನಿಯಮ ಹೇಳುತ್ತದೆ. ಅದನ್ನು ಇಂಗ್ಲಿಷಿನಲ್ಲಿ, ಕನ್ನಡಕವಿಲ್ಲದೆ ಓದಲಾಗದ ಅಕ್ಷರಗಳಲ್ಲಿ ಮುದ್ರಿಸಲಾಗುತ್ತದೆ. ಬರೆದದ್ದು ಒಂದು, ಆಡುವುದು ಇನ್ನೊಂದು. ಮಧುಮೇಹ, ಗಳಗಂಡ, ಬೊಜ್ಜು, ಬಂಜೆತನ ಇವುಗಳನ್ನು ಗುಣಪಡಿಸುವುದಾಗಿ ಔಷಧಿಯ ಜಾಹೀರಾತು ಮಾಡುವುದು 1954ರ ಕಾಯಿದೆಯ ಪ್ರಕಾರ ಅಪರಾಧ. 2024ರಲ್ಲಿ ಪತಂಜಲಿ ಸಂಸ್ಥೆಯವರು ಇಂಥ ಜಾಹೀರಾತುಗಳಿಗಾಗಿಯೇ ಸುಪ್ರೀಂ ಕೋರ್ಟಿನ ಮುಂದೆ ನಿಂತು ಕ್ಷಮೆ ಯಾಚಿಸಿ, ಪತ್ರಿಕೆಗಳಲ್ಲೂ ಕ್ಷಮಾಪಣೆ ಪ್ರಕಟಿಸಬೇಕಾಯಿತು. ಆಗ ನಮ್ಮವರಲ್ಲಿ ಹಲವರು ನಕ್ಕರು. ಹಸಿರು ಬಣ್ಣದ ಡಬ್ಬಿಯ ಮೇಲೆ ಅರಬಿ ಅಕ್ಷರ ಬರೆದು ಅದೇ ಮಾತನ್ನು ನಮಗೆ ಮಾರುವಾಗ ಮಾತ್ರ ಆ ನಗು ಎಲ್ಲಿ ಹೋಯಿತು?

ಹಣ ಹೋದರೆ ಹೋಗಲಿ ಎನ್ನಬಹುದಿತ್ತು. ಹೋಗುವುದು ಹಣ ಮಾತ್ರವಲ್ಲ. ಒಂದನೆಯ ವಿಧದ ಮಧುಮೇಹವಿರುವ ಮಗುವಿನ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ರಕ್ತ ಆಮ್ಲೀಯವಾಗಿ ಜೀವಕ್ಕೆ ಕುತ್ತು ಬರುತ್ತದೆ. ಗರ್ಭಿಣಿ ಥೈರಾಕ್ಸಿನ್ ಮಾತ್ರೆ ಬಿಟ್ಟರೆ ಹೊಟ್ಟೆಯಲ್ಲಿರುವ ಕೂಸಿನ ಮಿದುಳಿನ ಬೆಳವಣಿಗೆಗೇ ಅಪಾಯ. ಮಾತ್ರೆ ಬಿಡದೆ ಡಬ್ಬಿಯನ್ನೂ ಸೇವಿಸುವವರ ಕಥೆ ಬೇರೆ. ಕ್ಯಾಲ್ಸಿಯಂ, ಕಬ್ಬಿಣಾಂಶ, ಸೋಯಾ ಬೆರೆತ ಪುಡಿಯನ್ನು ಥೈರಾಕ್ಸಿನ್ ಜೊತೆಗೇ ತೆಗೆದುಕೊಂಡರೆ ಮಾತ್ರೆ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆಗಳಿಗೂ ಅದಕ್ಕೂ ನಡುವೆ ನಾಲ್ಕು ಗಂಟೆಯಾದರೂ ಅಂತರವಿರಬೇಕು. ಕೂದಲು ಉದುರುವುದಕ್ಕೆಂದು ಕೊಡುವ ಬಯೋಟಿನ್ ಇನ್ನೂ ವಿಚಿತ್ರವಾದುದು: ಅದು ಹೆಚ್ಚು ಪ್ರಮಾಣದಲ್ಲಿ ರಕ್ತದಲ್ಲಿದ್ದರೆ ಕೆಲವು ಬಗೆಯ ಥೈರಾಯಿಡ್ ಪರೀಕ್ಷೆಗಳ ಫಲಿತಾಂಶವೇ ತಪ್ಪಾಗಿ ಬರುತ್ತದೆ. ರೋಗ ಹಾಗೇ ಇರುತ್ತದೆ, ಕಾಗದದಲ್ಲಿ ಮಾತ್ರ ಲೆಕ್ಕ ಬದಲಾಗುತ್ತದೆ. ಮಾರಿದವರು ಆ ಕಾಗದವನ್ನೇ ಮನೆಮನೆಗೆ ತೋರಿಸುತ್ತಾರೆ.

'ಗಿಡಮೂಲಿಕೆ ತಾನೇ, ಹಾನಿ ಏನು?' ಎಂಬ ಪ್ರಶ್ನೆಯೂ ಇದೆ. 2008ರಲ್ಲಿ ಸಿಂಗಾಪುರದಲ್ಲಿ ಸಕ್ಕರೆ ಕಾಯಿಲೆಯೇ ಇಲ್ಲದ ಸುಮಾರು 150 ಮಂದಿ ರಕ್ತದ ಸಕ್ಕರೆ ಕುಸಿದು ಆಸ್ಪತ್ರೆ ಸೇರಿದರು, ನಾಲ್ವರು ಸತ್ತರು. ಅಕ್ರಮವಾಗಿ ಮಾರಾಟವಾಗುತ್ತಿದ್ದ ಶಕ್ತಿವರ್ಧಕ ಗುಳಿಗೆಗಳಲ್ಲಿ ಮಧುಮೇಹದ ಅಲೋಪತಿ ಔಷಧಿಯಾದ ಗ್ಲಿಬೆನ್‌ಕ್ಲಮೈಡ್ ಬೆರೆತಿತ್ತು. ಹೆಸರಿಲ್ಲದ ಪುಡಿಯೊಂದು ಎರಡೇ ದಿನದಲ್ಲಿ ಶುಗರ್ ಇಳಿಸಿತೆಂದರೆ ಸಂತೋಷಪಡುವ ಮೊದಲು ಅದರಲ್ಲಿ ಏನಿದೆಯೆಂದು ಹೆದರಬೇಕು.

ಹಾಗೆಂದು ಎಲ್ಲವೂ ಸುಳ್ಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಮೆಂತ್ಯಕಾಳು ರಕ್ತದ ಸಕ್ಕರೆಯನ್ನು ಸ್ವಲ್ಪಮಟ್ಟಿಗೆ ಇಳಿಸುತ್ತದೆಂದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯ ಸಂಶೋಧಕರು 1990ರಷ್ಟು ಹಿಂದೆಯೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಅದು ನಮ್ಮ ಅಡುಗೆಮನೆಯಲ್ಲಿ ಪುಡಿಗಾಸಿಗೆ ಸಿಗುತ್ತದೆ, ಅದಕ್ಕೆ ಡಬ್ಬಿ ಬೇಕಿಲ್ಲ. ಕಲೋಂಜಿಯ ಮೇಲೂ ಸಣ್ಣ ಪ್ರಯೋಗಗಳು ನಡೆದು ಅಲ್ಪ ಪ್ರಯೋಜನ ಕಂಡುಬಂದಿದೆ. ಪಿಸಿಒಎಸ್‌ಗೆ ಮಾರುವ ಇನೋಸಿಟಾಲ್ ಬಗ್ಗೆ 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುವುದೂ ಇಷ್ಟೇ: ಹಾನಿ ಕಡಿಮೆ, ಪ್ರಯೋಜನವೂ ಸೀಮಿತ, ಬೇಕೆನ್ನುವವರು ಪರಿಗಣಿಸಬಹುದು. ಇವುಗಳಲ್ಲಿ ಯಾವುದೂ ಮಾತ್ರೆಯ ಸ್ಥಾನದಲ್ಲಿ ನಿಲ್ಲುವಂಥದ್ದಲ್ಲ. 'ಅಲ್ಪ ಪ್ರಯೋಜನ'ವನ್ನು 'ಸಂಪೂರ್ಣ ಗುಣ' ಎಂದು ಹಿಗ್ಗಿಸುವಲ್ಲಿಯೇ ವಂಚನೆ ಇರುವುದು.

ಆ ಹಿಗ್ಗಿಸುವಿಕೆಗೆ ಧರ್ಮವನ್ನು ಬಳಸುವುದು ಅದಕ್ಕಿಂತ ದೊಡ್ಡ ವಂಚನೆ. ಕರಿಜೀರಿಗೆಯಲ್ಲಿ ಶಮನವಿದೆ ಎಂಬರ್ಥದ ಹದೀಸನ್ನು ಮುಂದಿಟ್ಟು, ಡಬ್ಬಿಯನ್ನು ಸಂಶಯಿಸುವವನ ಈಮಾನನ್ನೇ ಸಂಶಯಿಸುವ ಮಟ್ಟಕ್ಕೆ ಈ ವ್ಯಾಪಾರ ಬಂದಿದೆ. ಆದರೆ ಅದೇ ಪ್ರವಾದಿ(ಸ)ಯವರು ಸಅದ್(ರ) ಕಾಯಿಲೆ ಬಿದ್ದಾಗ ಅವರನ್ನು ಸಕೀಫ್ ಗೋತ್ರದ ವೈದ್ಯ ಹಾರಿಸ್ ಬಿನ್ ಕಲದಾರ ಬಳಿಗೆ ಹೋಗುವಂತೆ ಹೇಳಿದ್ದನ್ನು ಇವರು ಏಕೆ ನೆನಪಿಸುವುದಿಲ್ಲ? ವೈದ್ಯಕೀಯದ ಅರಿವಿಲ್ಲದೆ ಚಿಕಿತ್ಸೆ ಮಾಡಿದವನು ಆಗುವ ಹಾನಿಗೆ ಹೊಣೆಗಾರನೆಂಬ ಹದೀಸ್ ಅಬೂದಾವೂದಿನಲ್ಲಿದೆ. ಅದನ್ನು ಯಾವ ಡಬ್ಬಿಯ ಮೇಲೂ ಮುದ್ರಿಸಿದಂತಿಲ್ಲ. ಆರು ಶತಮಾನಗಳ ಹಿಂದೆಯೇ ಇಬ್ನ್ ಖಲ್ದೂನ್ ತಮ್ಮ ಮುಖದ್ದಿಮಾದಲ್ಲಿ, ತಿಬ್ಬುನ್ನಬವಿ ಎಂದು ಕರೆಯಲಾಗುವ ಚಿಕಿತ್ಸಾ ಮಾತುಗಳು ಅರಬರ ರೂಢಿಗೆ ಸೇರಿದವು, ದಿವ್ಯವಾಣಿಯ ಭಾಗವಲ್ಲ, ಪ್ರವಾದಿ ಬಂದದ್ದು ಶರೀಅತನ್ನು ಕಲಿಸಲಿಕ್ಕೇ ಹೊರತು ವೈದ್ಯವನ್ನು ಕಲಿಸಲಿಕ್ಕಲ್ಲ ಎಂದು ವಾದಿಸಿದ್ದರು. ಇದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ, ಇರಲಿ. ಆದರೆ ಒಪ್ಪದವರೂ ಪರೀಕ್ಷೆಗೆ ಒಳಪಡದ ಪುಡಿಗೆ ಪ್ರವಾದಿಯ ಹೆಸರಿಡಬಹುದೆಂದು ಎಲ್ಲಿಯೂ ಹೇಳಿಲ್ಲ.

ನಮ್ಮ ಯುನಾನಿಯನ್ನೇ ನೋಡಿ. ಗಾಳಿ, ಆಹಾರ-ಪಾನೀಯ, ದೇಹದ ಚಲನೆ-ವಿಶ್ರಾಂತಿ, ಮನಸ್ಸಿನ ಚಲನೆ-ವಿಶ್ರಾಂತಿ, ನಿದ್ರೆ-ಎಚ್ಚರ, ವಿಸರ್ಜನೆ-ಧಾರಣೆ ಎಂಬ ಆರು ಸಂಗತಿಗಳ ಮೇಲೆ ಅದು ಆರೋಗ್ಯವನ್ನು ನಿಲ್ಲಿಸುತ್ತದೆ. ಇಲಾಜ್ ಬಿಲ್ ಗಿಝಾ, ಅಂದರೆ ಆಹಾರದಿಂದ ಚಿಕಿತ್ಸೆ, ಅದರಲ್ಲಿ ಪ್ರತ್ಯೇಕ ಶಾಖೆಯೇ ಆಗಿದೆ. ಬೆಂಗಳೂರಿನಲ್ಲಿ 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಯುನಾನಿ ಸಂಸ್ಥೆಯೇ ಇದೆ. ಪದವಿ ಪಡೆದ ಹಕೀಮರು ನಾಡಿ ನೋಡುತ್ತಾರೆ, ಊಟ ಕೇಳುತ್ತಾರೆ, ಅಗತ್ಯಬಿದ್ದರೆ ರಕ್ತಪರೀಕ್ಷೆಗೂ ಬರೆಯುತ್ತಾರೆ. ಡಬ್ಬಿ ಮಾರುವವರು ಕೇಳುವುದು ಎರಡನ್ನೇ: ಹಣ ಮತ್ತು ಇನ್ನಿಬ್ಬರ ಫೋನ್ ನಂಬರ್. ಹಿಂದಿನ ಇಸ್ಲಾಮೀ ನಗರಗಳಲ್ಲಿ ಮುಹ್ತಸಿಬ್ ಎಂಬ ಮಾರುಕಟ್ಟೆ ಮೇಲ್ವಿಚಾರಕನಿದ್ದ. ಹಿಸ್ಬಾದ ಕೈಪಿಡಿಗಳಲ್ಲಿ ಅತ್ತಾರರು, ಅಂದರೆ ಮೂಲಿಕೆ ವ್ಯಾಪಾರಿಗಳು, ಯಾವುದಕ್ಕೆ ಏನು ಬೆರೆಸುತ್ತಾರೆಂದು ಪತ್ತೆಹಚ್ಚುವ ಅಧ್ಯಾಯಗಳೇ ಇವೆ. ಆ ಪರಂಪರೆಯ ವಾರಸುದಾರರು ಇಂದು ಮುಹ್ತಸಿಬನ ಬದಲು ಅತ್ತಾರನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದಾರೆ!

ಈ ಫೋಟೊಗಳ ಬೆಲೆ ನಮಗೆ ಗೊತ್ತಿಲ್ಲದ್ದಲ್ಲ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ, ಬಡ್ಡಿಯಿಲ್ಲದ ಹಲಾಲ್ ಲಾಭವೆಂದು ನಂಬಿ ಹೆಣ್ಣುಮಕ್ಕಳ ಮದುವೆಗೆ ಕೂಡಿಟ್ಟ ಹಣವನ್ನು ಸುರಿದ ಕುಟುಂಬಗಳು ಬೀದಿಗೆ ಬಂದವು. ಅಲ್ಲಿಯೂ ಗಡ್ಡ, ಟೊಪ್ಪಿ, ಧರ್ಮದ ಮಾತುಗಳು ಜಾಮೀನಾಗಿದ್ದವು. ಅಂದು ಹೋದದ್ದು ಚಿನ್ನ ಮತ್ತು ಠೇವಣಿ. ಈ ಬಾರಿ ಒತ್ತೆಯಿಟ್ಟಿರುವುದು ಮೂತ್ರಪಿಂಡ, ಕಣ್ಣು ಮತ್ತು ಗರ್ಭಕೋಶ.

ಆದರೂ ಡಬ್ಬಿಯ ಕಡೆಗೆ ಕೈ ಚಾಚಿದವರನ್ನು ಮೂರ್ಖರೆಂದು ಕರೆಯುವ ಹಕ್ಕು ಸರಕಾರಕ್ಕಿಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು. ಶಂಕೆ ಬಿದ್ದದ್ದು ಆಸ್ಪತ್ರೆಗೆ ಪೂರೈಕೆಯಾಗಿದ್ದ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ರಾಜ್ಯದ ಔಷಧ ನಿಯಂತ್ರಕರನ್ನೇ ಅಮಾನತು ಮಾಡಬೇಕಾಯಿತು. ಸರಕಾರಿ ಬಾಟಲಿಯೇ ಭಯ ಹುಟ್ಟಿಸಿದ ಊರಿನಲ್ಲಿ ಪಕ್ಕದ ಮನೆಯ ಆಪಾಳ ಡಬ್ಬಿ ಆಪ್ತವಾಗಿ ಕಂಡರೆ ಆಶ್ಚರ್ಯವಿಲ್ಲ. ಅನುಮಾನವನ್ನು ಹುಟ್ಟಿಸಿದವರು ಅದರ ಲಾಭ ಪಡೆಯುವವರ ಬಗ್ಗೆಯೂ ಉತ್ತರಿಸಬೇಕು.

ಮನೆಯೊಳಗಿನ ಪಾಲೂ ಸಣ್ಣದಲ್ಲ. ಪಿಸಿಒಎಸ್ ಎಂಬುದು ಹೆರುವ ವಯಸ್ಸಿನ ಹೆಂಗಸರಲ್ಲಿ ಹತ್ತರಲ್ಲಿ ಒಬ್ಬರಿಗಾದರೂ ಇರುವ ತೊಂದರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಇಂಥವರಲ್ಲಿ ಶೇ. 70ರವರೆಗೂ ತಮಗೆ ಅದಿದೆಯೆಂದೇ ತಿಳಿಯದೆ ಇರುತ್ತಾರೆ. ನಮ್ಮಲ್ಲಿ ತಿಳಿದರೂ ಹೇಳುವಂತಿಲ್ಲ. ಹದಿನೆಂಟರ ಹುಡುಗಿಯನ್ನು ಸ್ತ್ರೀರೋಗ ತಜ್ಞೆಯ ಬಳಿ ಕರೆದೊಯ್ದರೆ 'ಏನಾಯಿತಂತೆ?' ಎಂಬ ಪ್ರಶ್ನೆ ಹುಡುಗಿಗಿಂತ ಮೊದಲು ಮನೆ ತಲುಪುತ್ತದೆ. ಸಂಬಂಧ ಮುರಿಯುವ ಭಯ. ಮದುವೆಯಾದ ಬಳಿಕ ಥೈರಾಯಿಡ್ ಮಾತ್ರೆಯನ್ನು ಅತ್ತೆಯ ಕಣ್ಣಿಗೆ ಬೀಳದಂತೆ ಬಟ್ಟೆಯ ಸಂದಿಯಲ್ಲಿಟ್ಟು ನುಂಗುವ ಸೊಸೆಯಂದಿರಿದ್ದಾರೆ. ಡಬ್ಬಿಗೆ ಅಂಥ ಕಳಂಕವಿಲ್ಲ, ಅದು 'ಶಕ್ತಿಗೆ' ತೆಗೆದುಕೊಳ್ಳುವ ಪುಡಿ. ವ್ಯಾಪಾರಿ ನಮ್ಮ ಈ ಲಜ್ಜೆಯನ್ನು ನಮಗಿಂತ ಚೆನ್ನಾಗಿ ಓದಿಕೊಂಡಿದ್ದಾನೆ. ತಿಂಗಳಿಗೆ ಎರಡು-ಮೂರು ಸಾವಿರ ರೂಪಾಯಿ ಡಬ್ಬಿಗೆ ಕೊಡಲು ಹಿಂಜರಿಯದ ಗಂಡಸು, ಹೆಂಡತಿ ಸಂಜೆ ಅರ್ಧ ಗಂಟೆ ನಡೆಯಲು ಹೊರಟರೆ 'ಜನ ಏನೆಂದಾರು' ಎನ್ನುತ್ತಾನೆ. ಮನೆಯಲ್ಲೇ ಜೀನ್ಸ್ ಹೊಲಿಯುತ್ತ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವ ಕೌಲ್‌ಬಜಾರಿನ ಹೆಂಗಸಿಗೆ ಬೇಕಾದದ್ದು ಕ್ರೋಮಿಯಂ ಗುಳಿಗೆಯೋ, ಆ ಅರ್ಧ ಗಂಟೆಯೋ?

ಇನ್ನು ಊಟ. ಪರ್ಯಾಯ ಪೋಷಣೆಯೆಂದು ಡಬ್ಬಿಯಲ್ಲಿ ಮಾರುವುದು ಈ ನೆಲದ ಹೊಲದಲ್ಲೇ ಇತ್ತು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿಯುವ ಮೊದಲು ಇದು ಜೋಳ, ಸಜ್ಜೆ, ನವಣೆಯ ಸೀಮೆ. ನೀರು ಬಂತು, ಸಿರುಗುಪ್ಪ ಭತ್ತದ ಕಣಜವಾಯಿತು, ಅಕ್ಕಿ ಗಿರಣಿಗಳೆದ್ದವು, ಕುರುಗೋಡಿನ ನೀರಾವರಿ ಹೊಲಗಳಲ್ಲೂ ಭತ್ತ ತುಂಬಿತು. ಸಂಪತ್ತು ಬಂದದ್ದನ್ನು ಅಲ್ಲಗಳೆಯುವವರಾರು? ಆದರೆ ಮೂರು ಹೊತ್ತೂ ತಟ್ಟೆಯಲ್ಲಿ ಪಾಲಿಶ್ ಮಾಡಿದ ಸೋನಾ ಮಸೂರಿಯೇ ತುಂಬಿಕೊಂಡಿತು. ಬೆಳಿಗ್ಗೆ ಮಂಡಕ್ಕಿಯ ವಗ್ಗಾಣಿ-ಮಿರ್ಚಿ, ಅದೂ ಅಕ್ಕಿಯದೇ. ಮಧ್ಯಾಹ್ನ ಅನ್ನ, ರಾತ್ರಿ ಅನ್ನ, ಮದುವೆಯಲ್ಲಿ ಬಗಾರಾ ಖಾನಾ, ನಡುನಡುವೆ ಸಕ್ಕರೆ ತುಂಬಿದ ಚಹಾ. ಭಾರತೀಯರು ಸರಾಸರಿ ಶೇ. 62ರಷ್ಟು ಶಕ್ತಿಯನ್ನು ಪಿಷ್ಟ ಮತ್ತು ಸಕ್ಕರೆಯಿಂದಲೇ ಪಡೆಯುತ್ತಾರೆಂದು ಐಸಿಎಂಆರ್‌ನ ಸಮೀಕ್ಷೆ 2025ರಲ್ಲಿ ತಿಳಿಸಿತು. ಧಾನ್ಯಗಳಿಂದ ಬರುವುದು ಶೇ. 45ನ್ನು ಮೀರಬಾರದೆಂದು ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯ 2024ರ ಮಾರ್ಗಸೂಚಿಯ ಸಲಹೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂಬ 2023ರ ವರದಿಯನ್ನು ಇದರ ಜೊತೆಗಿಟ್ಟು ಓದಬೇಕು. ಜೋಳವೂ ಪಿಷ್ಟವೇ, ಆರು ರೊಟ್ಟಿ ತಿಂದರೆ ಅದೂ ಕಾಪಾಡದು. ಆದರೆ ಎರಡು ರೊಟ್ಟಿ, ಒಂದು ಬಟ್ಟಲು ಬೇಳೆ ಅಥವಾ ಮೊಟ್ಟೆ, ತಟ್ಟೆಯ ಅರ್ಧದಷ್ಟು ಪಲ್ಯ-ಸೊಪ್ಪು ಎಂಬ ಊಟಕ್ಕೆ ಯಾವ ಏಜೆಂಟನೂ ಕಮಿಷನ್ ಪಡೆಯಲಾರ. ಬಹುಶಃ ಅದನ್ನು ಯಾರೂ ಪ್ರಚಾರ ಮಾಡದಿರುವುದಕ್ಕೂ ಕಾರಣ ಅದೇ.

ಮೂರು ಊರುಗಳ ಮಸೀದಿ ಕಮಿಟಿಗಳು ಮತ್ತು ಜಮಾಅತ್‌ಗಳು ಒಂದು ಕೆಲಸ ಮಾಡಬಹುದು. ಜುಮಾ ಮುಗಿದ ಬಳಿಕ ಅಂಗಳದಲ್ಲಿ ಮೇಜು ಹಾಕಲು, ಗೋಡೆಗೆ ಬ್ಯಾನರ್ ಕಟ್ಟಲು, ಇಮಾಮರ ಹೆಸರು ಹಾಕಿಕೊಳ್ಳಲು ಡಬ್ಬಿ ಮಾರುವವರು ಬಂದಾಗ ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಕೇಳಲಿ. ಈ ಪುಡಿಯನ್ನು ಯಾವ ರೋಗಿಗಳ ಮೇಲೆ, ಎಲ್ಲಿ ಪರೀಕ್ಷಿಸಲಾಗಿದೆ? ವೈದ್ಯರು ಕೊಟ್ಟ ಮಾತ್ರೆಯನ್ನು ಬಿಡಬೇಡಿ ಎಂದು ನೀವು ಸಹಿ ಮಾಡಿ ಕೊಡುತ್ತೀರಾ? ಮಾತ್ರೆ ಬಿಟ್ಟು ಹಾನಿಯಾದರೆ ಆಸ್ಪತ್ರೆಯ ವೆಚ್ಚ ಯಾರದು? ಉತ್ತರ ಬರುವವರೆಗೆ ಆ ಮೇಜಿನ ಜಾಗದಲ್ಲಿ ಒಬ್ಬ ದಾದಿಯನ್ನೂ ಸಕ್ಕರೆ ಪರೀಕ್ಷಿಸುವ ಯಂತ್ರವನ್ನೂ ಕೂರಿಸಲಿ, ಹೆಣ್ಣುಮಕ್ಕಳಿಗೆ ಬೇರೆ ದಿನ ಬೇರೆ ಹೊತ್ತು ಗೊತ್ತುಮಾಡಲಿ. ಉತ್ತರ ಬಾರದಿದ್ದರೆ ಬ್ಯಾನರನ್ನು ಅಂದೇ ಇಳಿಸಲಿ.