ಭೀಮಗಡದ ಮುರುಗಲು ಯಾರ ಪಾಲಿಗೆ?

ಖಾನಾಪುರ ತಾಲ್ಲೂಕಿನ ಘಟ್ಟದ ಕಾಡಿನಲ್ಲಿ ಮುರುಗಲು ಹಣ್ಣಾಗುವುದು ಬೇಸಿಗೆಯ ಕೊನೆಗೆ, ಮಳೆ ಹಿಡಿಯುವ ಮುನ್ನ. ಬಿಸಿಲಿಗೆ ಒಣಗಿಸಿದ ಸಿಪ್ಪೆಗೆ ಬೆಳಗಾವಿ, ಗೋವಾ ಎರಡೂ ಕಡೆ ಗಿರಾಕಿಗಳಿದ್ದಾರೆ. ಆದರೆ ಈ ಹಣ್ಣಿನ ವಿಷಯದಲ್ಲಿ ಎರಡು ಕಾನೂನು ಎರಡು ಮಾತಾಡುತ್ತವೆ. 2011ರಲ್ಲಿ ಇದೇ ತಾಲ್ಲೂಕಿನ ಭೀಮಗಡದ ಸುಮಾರು 190 ಚದರ ಕಿ.ಮೀ. ಕಾಡು ವನ್ಯಜೀವಿಧಾಮವಾಯಿತು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಲ್ಲಿಯ ಉತ್ಪನ್ನವನ್ನು ಸುತ್ತಲಿನವರು ಮನೆಬಳಕೆಗೆ ಪಡೆಯಬಹುದು, ಮಾರುವಂತಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಾದರೋ ಕಿರು ಅರಣ್ಯ ಉತ್ಪನ್ನದ ಒಡೆತನವನ್ನೇ ಕಾಡಿನವರಿಗೆ ಕೊಡುತ್ತದೆ. ಅಭಯಾರಣ್ಯವೂ ಅದರ ವ್ಯಾಪ್ತಿಯಲ್ಲಿದೆ.

ನಿರ್ಬಂಧ ಬೇಕೆನ್ನುವವರ ಅಂಜಿಕೆ ಸುಳ್ಳಲ್ಲ. ಮಹದಾಯಿ ಹುಟ್ಟುವ ಕಾಡಿದು. ಬಾರಾಪೇಡೆ ಗುಹೆಯ ಅಪರೂಪದ ಬಾವಲಿಯ ನೆಲೆ. ಮುರುಗಲಿಗೆ ದರ ಬಂದರೆ, ತಾನು ಬಿಟ್ಟದ್ದನ್ನು ಇನ್ನೊಬ್ಬ ಕೊಯ್ಯುತ್ತಾನೆಂದು ಕಾಯಿಗೇ ಕೈ ಹಾಕುತ್ತಾರೆ, ಟೊಂಗೆ ಕಡಿಯುತ್ತಾರೆ. ಹಕ್ಕಿಗೂ ಹಣ್ಣಿಲ್ಲ, ನೆಲಕ್ಕೂ ಬೀಜವಿಲ್ಲ. ಕ್ಯಾನ್ಸರ್ ಔಷಧಕ್ಕೆ ಬೇಕಾಗುವ ಕ್ಯಾಂಪ್ಟೊಥೆಸಿನ್ ಇದೆಯೆಂಬ ಒಂದೇ ಕಾರಣಕ್ಕೆ ದುರ್ವಾಸನೆ ಮರವನ್ನು ಪಶ್ಚಿಮ ಘಟ್ಟದುದ್ದಕ್ಕೂ ಕಡಿದು ಸಾಗಿಸಿದ್ದು ಕಣ್ಣ ಮುಂದಿದೆ.

ಹಾಗೆಂದು ಬೀಗ ಹಾಕಿದರೆ ಕಾಡು ಉಳಿದೀತೇ? ಮುರುಗಲೆಂದರೆ ಬಿತ್ತನೆಗೆ ಮುಂಚೆ ಕೈಗೆ ಬರುವ ಕಾಸು. ಮಾರಾಟ ನಿಲ್ಲುವುದಿಲ್ಲ, ಕದ್ದುಮುಚ್ಚಿ ನಡೆಯುತ್ತದೆ. ಆಗ ದಲ್ಲಾಳಿ ಹೇಳಿದ್ದೇ ದರ. ದರ ಕುಸಿದಷ್ಟೂ ಅದೇ ಕಾಸಿಗಾಗಿ ಕೊಯ್ಲು ಹೆಚ್ಚು. ಹಕ್ಕು ಪಡೆಯುವ ಹಾದಿಯೂ ಎಲ್ಲರಿಗೂ ಒಂದೇ ಅಲ್ಲ. ಬೆಳಗಾವಿ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2020ರಲ್ಲಿ. ಆ ಪಟ್ಟಿಯಲ್ಲಿಲ್ಲದ ಗವಳಿಗರು ಮೂರು ತಲೆಮಾರು, ಅಂದರೆ 75 ವರ್ಷ, ಇಲ್ಲೇ ಇದ್ದುದಕ್ಕೆ ಪುರಾವೆ ತರಬೇಕು. ಎಮ್ಮೆ ಮೇಯಿಸಿಕೊಂಡು ಬಂದವರ ಮನೆಯಲ್ಲಿ ಯಾವ ದಾಖಲೆ ಸಿಕ್ಕೀತು?

ಕಾಡು ಬಿಡಲು ಒಪ್ಪಿದವರೂ ಇದ್ದಾರೆ. ಅಭಯಾರಣ್ಯದೊಳಗಿನ ತಳೇವಾಡಿಯ ಕುಟುಂಬಗಳಿಗೆ ತಲಾ 15 ಲಕ್ಷ ರೂಪಾಯಿ ಪರಿಹಾರ ನಿಗದಿಯಾಯಿತು. ರಸ್ತೆಯಿಲ್ಲದ ಊರಿನಿಂದ ರೋಗಿಯನ್ನು ಹೊತ್ತು ತರುವ ಕಷ್ಟವನ್ನು ಮುರುಗಲಿನ ಆದಾಯ ನೀಗುವುದಿಲ್ಲ. ಕಿರು ಉತ್ಪನ್ನವೊಂದೇ ಬದುಕಿಗೆ ಸಾಕೆನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನನ್ನ ಮನಸ್ಸು ಹಕ್ಕಿನ ಕಡೆ ವಾಲುತ್ತದೆ, ಆದರೆ ಎಲ್ಲ ಉತ್ಪನ್ನಕ್ಕೂ ಅಲ್ಲ. ಹಣ್ಣು ಬೇರೆ, ತೊಗಟೆ ಮತ್ತು ಬೇರು ಬೇರೆ. ತೊಗಟೆ, ಬೇರುಗಳ ಮಾರಾಟಕ್ಕೆ ಅಭಯಾರಣ್ಯದಲ್ಲಿ ಎಡೆಯೇ ಇರಬಾರದು. ಹಣ್ಣಿನ ಕೊಯ್ಲು ಯಾವಾಗ ಶುರು, ಮರದಲ್ಲಿ ಎಷ್ಟು ಬಿಡಬೇಕು ಎಂಬುದನ್ನು ಗ್ರಾಮಸಭೆ ತೀರ್ಮಾನಿಸಲಿ. ಕಾಡು ಕಾಯುವ ಅಧಿಕಾರವನ್ನೂ ಅದೇ ಹಕ್ಕು ಕಾಯ್ದೆಯ 5ನೇ ಕಲಂ ಅದಕ್ಕೆ ಕೊಟ್ಟಿದೆ. ಸಸಿ ಏಳುತ್ತಿವೆಯೇ ಎಂದು ಅರಣ್ಯ ಇಲಾಖೆ ಊರವರೊಂದಿಗೆ ಪ್ರತಿವರ್ಷ ಎಣಿಸಲಿ. ಎಣಿಕೆ ಇಳಿದ ಕಡೆ ಒಂದೆರಡು ವರ್ಷ ಕೊಯ್ಲು ನಿಲ್ಲಿಸಿ, ಆ ವರ್ಷಗಳ ನಷ್ಟವನ್ನು ಸರ್ಕಾರ ತುಂಬಿಕೊಡಲಿ.