ಕ್ಲಿನಿಕಲ್ ಸಂಶೋಧನೆಯ ಮುಕ್ತ ಪ್ರಕಟಣೆಗೆ ನೆರವು ಕೋರಿ ಮನವಿ

ಗೆ,
ಮಾನ್ಯ ಕುಲಪತಿಗಳು,
ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಬೆಂಗಳೂರು

ಇಂದ,
ಸಂಯೋಜಿತ ವೈದ್ಯಕೀಯ ಕಾಲೇಜುಗಳ ಅಧ್ಯಾಪಕರು ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳು

ವಿಷಯ: ತಜ್ಞರ ಪರಿಶೀಲನೆಗೆ ಒಳಪಟ್ಟ ಓಪನ್ ಆಕ್ಸೆಸ್ ಪತ್ರಿಕೆಗಳಲ್ಲಿ ಪ್ರಕಟಣೆಗೆ ಹಣ, ಮಾರ್ಗದರ್ಶನ ಮತ್ತು ರಕ್ಷಣೆ ಒದಗಿಸುವ ಬಗ್ಗೆ.

ಮಾನ್ಯರೇ,

ಎಂ.ಡಿ., ಎಂ.ಎಸ್. ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಡಿಸರ್ಟೇಶನ್ ಬರೆಯಲೇಬೇಕು. ಸಿನಾಪ್ಸಿಸ್ ಸಲ್ಲಿಸಿ, ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದು, ವಾರ್ಡಿನಲ್ಲಿ ರೋಗಿಗಳಿಂದ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಂಡು ಮಾಡಿದ ಈ ಕೆಲಸದ ಬಹುಪಾಲು, ಪರೀಕ್ಷೆ ಮುಗಿದೊಡನೆ ಗ್ರಂಥಾಲಯದ ಕಪಾಟು ಸೇರುತ್ತದೆ. ಇದು ಸಣ್ಣ ನಷ್ಟವಲ್ಲ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸೀಮೆಯಲ್ಲಿ. ಅದರ ರೋಗಿಗಳನ್ನು ಕಂಡ ವೈದ್ಯರು ಬರೆಯದಿದ್ದರೆ ಬೇರೆಡೆಯವರು ಬರೆಯಲಾರರು. ಹಾವು ಕಡಿತ, ಕೀಟನಾಶಕ ಸೇವನೆಯ ವಿಷಯದಲ್ಲೂ ಇಲ್ಲಿನ ಆಸ್ಪತ್ರೆಗಳ ಅನುಭವ ದೊಡ್ಡದು. ಬರೆದದ್ದು ಚಂದಾ ಕಟ್ಟಿದವರಿಗಷ್ಟೇ ತೆರೆಯುವ ಪತ್ರಿಕೆಯಲ್ಲಿ ಉಳಿದರೆ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ತಲುಪುವುದಿಲ್ಲ.

ಈ ತೊಡಕಿಗೆ ಉತ್ತರವಾಗಿಯೇ 2002ರ ಬುಡಾಪೆಸ್ಟ್ ಘೋಷಣೆಯ ನಂತರ ಓಪನ್ ಆಕ್ಸೆಸ್ ಬೆಳೆಯಿತು. ಓದುಗ ದುಡ್ಡು ಕೊಡಬೇಕಿಲ್ಲ. ಆದರೆ ಅನೇಕ ಪತ್ರಿಕೆಗಳಲ್ಲಿ ಆ ಹೊರೆ ಲೇಖಕನ ಹೆಗಲಿಗೆ ಬಿತ್ತು. ಹೆಸರಾಂತ ವಿದೇಶಿ ಪತ್ರಿಕೆಗಳು ಒಂದು ಲೇಖನಕ್ಕೆ ಎರಡು ಮೂರು ಸಾವಿರ ಡಾಲರ್ ಕೇಳುವುದುಂಟು. ಪಿ.ಜಿ. ವಿದ್ಯಾರ್ಥಿಗೆ ಅದು ಹಲವು ತಿಂಗಳ ಸ್ಟೈಪೆಂಡ್. ಕೇಂದ್ರ ಸಂಪುಟ 2024ರ ನವೆಂಬರಿನಲ್ಲಿ ಒಪ್ಪಿದ 'ಒಂದು ದೇಶ ಒಂದು ಚಂದಾ' ಯೋಜನೆಯಲ್ಲಿ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇದೆ. ಆಯ್ದ ಓಪನ್ ಆಕ್ಸೆಸ್ ಪತ್ರಿಕೆಗಳ ಲೇಖಕ ಶುಲ್ಕಕ್ಕೆ ವರ್ಷಕ್ಕೆ 150 ಕೋಟಿಯವರೆಗೆ ನೆರವೂ ಇದೆ. ಮೊದಲ ಹಂತ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಕರ್ನಾಟಕದ ವೈದ್ಯಕೀಯ ಕಾಲೇಜುಗಳಲ್ಲಿ ಖಾಸಗಿಯವೇ ಹೆಚ್ಚಾದ್ದರಿಂದ, ಅಲ್ಲಿನವರು ಈ ಬಾಗಿಲಿನ ಹೊರಗೇ ಉಳಿದರು.

ಹಣವಿಲ್ಲದಿದ್ದರೂ ಪ್ರಕಟಿಸಲೇಬೇಕೆಂಬ ಒತ್ತಡ ಮಾತ್ರ ಎಲ್ಲರ ಮೇಲೂ ಇದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2022ರ ಅಧ್ಯಾಪಕ ಅರ್ಹತಾ ನಿಯಮಗಳು ಮೇಲಿನ ಹುದ್ದೆಗಳಿಗೆ ಪ್ರಕಟಿತ ಲೇಖನಗಳನ್ನು ಕೇಳಿದವು. ಈ ಒತ್ತಡವನ್ನೇ ಬಂಡವಾಳ ಮಾಡಿಕೊಂಡ ನಕಲಿ ಪತ್ರಿಕೆಗಳ ಪತ್ರ ವೈದ್ಯರ ಇ-ಮೇಲ್‌ಗೆ ಬರದ ದಿನವಿಲ್ಲ: 'ಗೌರವಾನ್ವಿತ ಡಾಕ್ಟರ್' ಎಂಬ ಸಂಬೋಧನೆ, ಎರಡೇ ದಿನದಲ್ಲಿ ಪರಿಶೀಲನೆಯ ಭರವಸೆ, ಕೊನೆಗೆ ಹಣ ಕಟ್ಟುವ ಲಿಂಕ್. 'ಸೈನ್ಸ್' ಪತ್ರಿಕೆ 2013ರಲ್ಲಿ ಪ್ರಕಟಿಸಿದ ತನಿಖೆಯಲ್ಲಿ, ತಪ್ಪುಗಳನ್ನೇ ತುಂಬಿದ್ದ ಕಪೋಲಕಲ್ಪಿತ ಪ್ರಬಂಧವನ್ನು 304 ಓಪನ್ ಆಕ್ಸೆಸ್ ಪತ್ರಿಕೆಗಳಿಗೆ ಕಳಿಸಲಾಗಿತ್ತು. 157 ಪತ್ರಿಕೆಗಳು ಒಪ್ಪಿಕೊಂಡವು. ಇಂಥದೇ ವಂಚನೆಯ ಪ್ರಕರಣದಲ್ಲಿ ಹೈದರಾಬಾದ್ ಮೂಲದ ಪ್ರಕಾಶನ ಸಂಸ್ಥೆಯೊಂದಕ್ಕೆ ಅಮೆರಿಕದ ನ್ಯಾಯಾಲಯ 2019ರಲ್ಲಿ 5 ಕೋಟಿ ಡಾಲರಿಗೂ ಮಿಗಿಲಾದ ಮೊತ್ತ ಕಟ್ಟಲು ಆದೇಶಿಸಿತು. ನಕಲಿಗೆ ಬಿದ್ದವರನ್ನು ದೂರುವುದು ಸುಲಭ. ದಾರಿ ತೋರದೆ ಲೆಕ್ಕ ಕೇಳುವ ವ್ಯವಸ್ಥೆಯದೂ ಅದರಲ್ಲಿ ಪಾಲಿದೆ.

ಆದ್ದರಿಂದ ಮೊದಲ ಬೇಡಿಕೆ ಹಣದ್ದು. ಕೇಂದ್ರದ ಆ ಯೋಜನೆಯ ವ್ಯಾಪ್ತಿಗೆ ಬಾರದ ಕಾಲೇಜುಗಳ ಲೇಖಕರಿಗಾಗಿ ವಿಶ್ವವಿದ್ಯಾಲಯ ಪ್ರಕಟಣಾ ನಿಧಿ ಸ್ಥಾಪಿಸಬೇಕು. ಲೇಖನ ಸ್ವೀಕೃತವಾದ ಮೇಲೆ ಶುಲ್ಕ ನೇರವಾಗಿ ಪತ್ರಿಕೆಗೆ ಸಂದಾಯವಾಗಬೇಕು. ಲೇಖಕರು ಕೈಯಿಂದ ಕಟ್ಟಿ, ಬಿಲ್ಲು ಹಿಡಿದು ವರ್ಷಗಟ್ಟಲೆ ಅಲೆಯುವಂತಾಗಬಾರದು. ಶುಲ್ಕವಿಲ್ಲದ ಉತ್ತಮ ಪತ್ರಿಕೆಗಳ ಪಟ್ಟಿಯನ್ನು ವಿಷಯವಾರು ಸಿದ್ಧಪಡಿಸಿ ವರ್ಷಕ್ಕೆ ಎರಡು ಬಾರಿ ಪರಿಷ್ಕರಿಸಬೇಕು. 2003ರಿಂದ ನಡೆದುಬಂದಿರುವ ವಿಶ್ವವಿದ್ಯಾಲಯದ ಹೆಲಿನೆಟ್ ಡಿಜಿಟಲ್ ಗ್ರಂಥಾಲಯ ಜಾಲದ ಗ್ರಂಥಪಾಲಕರಿಗೆ ಈ ಕೆಲಸ ಹೊಸದೇನಲ್ಲ.

ಎರಡನೆಯದು ತರಬೇತಿ, ಅದೂ ಸಕಾಲದಲ್ಲಿ. ಲೇಖನ ತಿರಸ್ಕೃತವಾಗಲು ಇಂಗ್ಲಿಷಿನ ತಪ್ಪಿಗಿಂತ ದೊಡ್ಡ ಕಾರಣಗಳಿವೆ. 120 ರೋಗಿಗಳನ್ನು ಸೇರಿಸಿಕೊಂಡದ್ದಾಗಿ ಬರೆದು ಮೂರನೇ ಕೋಷ್ಟಕದಲ್ಲಿ 113 ಮಂದಿಯನ್ನಷ್ಟೇ ತೋರಿಸಿದರೆ, ಉಳಿದ ಏಳು ಮಂದಿ ಎಲ್ಲಿ ಹೋದರೆಂದು ಪರಿಶೀಲಕ ಕೇಳಿಯೇ ಕೇಳುತ್ತಾನೆ. ಅಷ್ಟರಲ್ಲಿ ಕೇಸ್ ಶೀಟ್ ರೆಕಾರ್ಡ್ ರೂಮಿನಲ್ಲಿರುತ್ತದೆ, ವಿದ್ಯಾರ್ಥಿ ಬೇರೆ ಊರಿನ ಕೆಲಸದಲ್ಲಿ. ಯಾದೃಚ್ಛಿಕ ಪ್ರಯೋಗಗಳಿಗೆ ಕನ್ಸಾರ್ಟ್, ವೀಕ್ಷಣಾ ಅಧ್ಯಯನಗಳಿಗೆ ಸ್ಟ್ರೋಬ್, ಕೇಸ್ ರಿಪೋರ್ಟ್‌ಗಳಿಗೆ ಕೇರ್ ಮಾರ್ಗಸೂಚಿಗಳಿವೆ. ಇವುಗಳನ್ನೂ ಸಂಖ್ಯಾಶಾಸ್ತ್ರಜ್ಞರ ಸಲಹೆಯನ್ನೂ ಸಿನಾಪ್ಸಿಸ್ ಹಂತದಲ್ಲೇ ಕಡ್ಡಾಯಗೊಳಿಸಬೇಕು. ಭಾರತದ ಕ್ಲಿನಿಕಲ್ ಪ್ರಯೋಗ ನೋಂದಣಿ ವ್ಯವಸ್ಥೆಯಾದ ಸಿ.ಟಿ.ಆರ್.ಐ. 2018ರ ಏಪ್ರಿಲ್ 1ರಿಂದ, ಮೊದಲ ರೋಗಿಯನ್ನು ಸೇರಿಸಿಕೊಂಡ ಮೇಲೆ ಬರುವ ಅರ್ಜಿಗಳನ್ನು ಒಪ್ಪುತ್ತಿಲ್ಲ. ಅದು ಗೊತ್ತಾಗುವ ಹೊತ್ತಿಗೆ ಪ್ರಯೋಗ ಅರ್ಧ ಮುಗಿದಿದ್ದರೆ, ಒಳ್ಳೆಯ ಪತ್ರಿಕೆಗಳ ದಾರಿ ಅಲ್ಲಿಗೇ ಮುಚ್ಚಿದಂತೆ.

ಮೂರನೆಯದು ಮನ್ನಣೆ ಮತ್ತು ರಕ್ಷಣೆ. ಔಷಧ ಗುಣ ಕೊಡಲಿಲ್ಲವೆಂಬ ಫಲಿತಾಂಶವೂ ಫಲಿತಾಂಶವೇ. ಹೆಲ್ಸಿಂಕಿ ಘೋಷಣೆ ಇಂಥವನ್ನೂ ಬಹಿರಂಗಪಡಿಸಬೇಕೆನ್ನುತ್ತದೆ. ಮೌಲ್ಯಮಾಪನದಲ್ಲಿ ಇವುಗಳಿಗೆ ಸಮಾನ ಮನ್ನಣೆ ಸಿಗಬೇಕು. ಕೆಲಸ ಮಾಡಿದ ವಿದ್ಯಾರ್ಥಿಯ ಹೆಸರು ಕೆಳಕ್ಕಿಳಿದು, ಕೈಹಾಕದವರ ಹೆಸರು ಮೇಲೇರುವ ದೂರುಗಳನ್ನು ವಿಚಾರಿಸಲು ಕಾಲೇಜಿನ ಹೊರಗೆ, ವಿಶ್ವವಿದ್ಯಾಲಯದ ಮಟ್ಟದಲ್ಲೇ ಸಮಿತಿ ಬೇಕು; ದೂರಿತ್ತವರ ಗುರುತು ಗುಟ್ಟಾಗಿರಬೇಕು. ಎಲ್ಲ ಡಿಸರ್ಟೇಶನ್‌ಗಳೂ ರೋಗಿಗಳ ಗುರುತು ತೆಗೆದು, ಲೇಖನ ಪ್ರಕಟವಾಗಲು ಸಾಕಷ್ಟು ಕಾಲಾವಕಾಶ ಕೊಟ್ಟು, ಆ ಬಳಿಕ ಯಾರು ಬೇಕಾದರೂ ಓದುವಂತೆ ತೆರೆದಿರಬೇಕು.

ಈ ಬೇಡಿಕೆಗಳನ್ನು ಮುಂದಿನ ಸಿಂಡಿಕೇಟ್ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿ, ಪ್ರಕಟಣಾ ನಿಧಿಗೆ ಬರುವ ಸಾಲಿನ ಆಯವ್ಯಯದಲ್ಲೇ ಹಣ ಮೀಸಲಿಡಬೇಕೆಂದು ಗೌರವಪೂರ್ವಕವಾಗಿ ಕೋರಲಾಗಿದೆ.