ಹಳೇ ತೊಲೆ ಎತ್ತ ಹೋಯಿತು?

ಮನೆ ಬೀಳುವುದು ಎರಡು ಬಗೆ. ಒಂದು ಮಳೆಗೆ, ಇನ್ನೊಂದು ರಸ್ತೆಗೆ. 2019ರ ಆಗಸ್ಟ್ ಮಳೆಗೆ ಹಾವೇರಿ ಜಿಲ್ಲೆಯಲ್ಲಿ ಮಣ್ಣಿನ ಮನೆಗಳು ಕುಸಿದವು. ಬ್ಯಾಡಗಿ ಮುಖ್ಯರಸ್ತೆ ಅಗಲೀಕರಣದ ಜಗಳ ವರ್ಷಗಟ್ಟಲೆ ನಡೆದದ್ದು ಅಂಗಡಿಕಾರರಿಗೆ ಗೊತ್ತೇ ಇದೆ. ಎರಡರಲ್ಲೂ ಪರಿಹಾರದ ಮಾತು ಬರುತ್ತದೆ. ತೊಲೆ, ಜಂತಿ, ಹಂಚಿನ ಮಾತು ಬರುವುದಿಲ್ಲ.

ಲೆಕ್ಕ ನೋಡ್ರಿ. ಹಳ್ಳಿಯ ಬಡವನಿಗೆ ಪ್ರಧಾನಮಂತ್ರಿ ಆವಾಸ್ ಯೋಜನೆಯ ನೆರವು 1.20 ಲಕ್ಷ ರೂ., ಅದೂ ಕಂತಿನಲ್ಲಿ. ಕನಿಷ್ಠ 25 ಚದರ ಮೀಟರ್ ಮನೆ ಏಳಬೇಕು. ಗೋಡೆ ಮುಗಿಯುವಷ್ಟರಲ್ಲಿ ಕೈ ಖಾಲಿ. ಬಾಗಿಲಿಗೆ, ಹೊದಿಕೆಗೆ ಸಾಲ. ಅದೇ ಹೊತ್ತಿಗೆ ರಾಣೆಬೆನ್ನೂರಿನಲ್ಲೋ ಹಾವೇರಿಯಲ್ಲೋ ಹಳೇ ಮನೆ ಕೆಡವಿದವರು ಸಾಗವಾನಿ ಚೌಕಟ್ಟನ್ನು ಸಿಕ್ಕ ಬೆಲೆಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ!

ಹಳೇದೆಲ್ಲ ಬಂಗಾರವಲ್ಲ. ಗೆದ್ದಲು ಹಿಡಿದ ತೊಲೆ, ಬಿರಿದ ಹಂಚು ಬೇಡವೇ ಬೇಡ. ಆದರೆ ವರ್ಷಗಟ್ಟಲೆ ಒಣಗಿದ ಸಾಗವಾನಿ ಹಸಿ ಕಟ್ಟಿಗೆಯ ಹಾಗೆ ಸೊಟ್ಟಗಾಗದು. ಯಾವ ಬಡಿಗೇರನನ್ನಾದರೂ ಕೇಳಿ.

ಹಾವೇರಿ, ರಾಣೆಬೆನ್ನೂರು ನಗರಸಭೆ, ಬ್ಯಾಡಗಿ ಪುರಸಭೆ ಒಂದೊಂದು ಬಯಲು ಜಾಗ ಕೊಡಲಿ. ಒಬ್ಬ ಎಂಜಿನಿಯರು, ಒಬ್ಬ ಬಡಿಗೇರ ಕೂತು ಮಾಲು ನೋಡಿ ದರ ಬರೆಯಲಿ. ಸುತ್ತಲ ಹಳ್ಳಿಯವರೂ ಬಂದು ಕೊಳ್ಳಲಿ. ಮಾರುವವನಿಗೂ ನ್ಯಾಯ, ಕೊಳ್ಳುವವನಿಗೂ ನೆರಳು. ಮೆಣಸಿನಕಾಯಿಗೆ ಅಷ್ಟು ದೊಡ್ಡ ಮಾರುಕಟ್ಟೆ ಕಟ್ಟಿದ ಜಿಲ್ಲೆಗೆ ಇದೇನು ದೊಡ್ಡ ಕೆಲಸವೇನ್ರಿ?